ತಮ್ಮನನ್ನು ಶಿವಮೊಗ್ಗಕ್ಕೆ ಕರೆತಂದ ಮೇಲಿನ ಓಡಾಟ: ಯುಡಿಐಡಿಯಿಂದ ಗಾರ್ಡಿಯನ್‌ಶಿಪ್‌ವರೆಗೆ

ಮೊನ್ನೆ ಗಾರ್ಡಿಯನ್‌ಶಿಪ್ ಪ್ರಮಾಣಪತ್ರ, ಅಂದರೆ ತಮ್ಮನಿಗೆ ನಾನೇ ಕಾನೂನುಬದ್ಧ ಪೋಷಕಿ ಅನ್ನುವ ಕಾಗದ, ಕೈಗೆ ಬಂತು. ಅದರ ಹಿಂದೆ ವರ್ಷಕ್ಕೂ ಮಿಕ್ಕಿದ ಓಡಾಟ ಇದೆ. ಅಪ್ಪ-ಅಮ್ಮ ತೀರಿಕೊಂಡ ಮೇಲೆ ಬುದ್ಧಿ ಬೆಳವಣಿಗೆ ಕಡಿಮೆ ಇರುವ ತಮ್ಮನನ್ನೋ ಅಕ್ಕನನ್ನೋ ಮನೆಗೆ ಕರೆತಂದವರು ಈ ಊರಲ್ಲಿ ನಾನೊಬ್ಬಳೇ ಅಲ್ಲ ಅಂತ ಆಸ್ಪತ್ರೆ ಬೆಂಚಿನ ಮೇಲೆ ಕೂತಾಗಲೇ ಗೊತ್ತಾಯಿತು. ಅಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಕೇಳುತ್ತಿದ್ದದ್ದು ಅವೇ ಪ್ರಶ್ನೆಗಳನ್ನು. ಸರಿಯಾಗಿ ಉತ್ತರ ಗೊತ್ತಿದ್ದವರು ಕಡಿಮೆ. ಅದಕ್ಕೇ ನೆನಪಿರುವಾಗಲೇ ಬರೆದುಬಿಡುತ್ತಿದ್ದೇನೆ.

ತಮ್ಮನಿಗೆ ಈಗ 41. ಕೋಣಂದೂರಿನಿಂದ ಒಳಗೆ ಹೋಗುವ ನಮ್ಮ ಊರಲ್ಲಿ ಅವನು ಯಾರಿಗೂ ಸಮಸ್ಯೆ ಆಗಿರಲಿಲ್ಲ. ಬೆಳಿಗ್ಗೆ ಡೈರಿಗೆ ಹಾಲಿನ ಕ್ಯಾನ್ ಹೊತ್ತುಕೊಂಡು ಹೋಗುವುದು, ಬಸ್ ಬಂದಾಗ ಕಂಡಕ್ಟರ್ ಎಸೆಯುವ ಪೇಪರ್ ಕಟ್ಟು ಹಿಡಿದು ನಾಲ್ಕು ಮನೆಗೆ ಮುಟ್ಟಿಸುವುದು, ಕೊನೆಕೊಯ್ಲಿನ ಕಾಲಕ್ಕೆ ಸುಲಿದ ಅಡಿಕೆಯ ಬುಟ್ಟಿ ಹೊರುವುದು. ತಲೆ ಮೇಲೆ ಸದಾ ಒಂದು ಅಡಿಕೆ ಹಾಳೆಯ ಟೋಪಿ. ಎಲ್ಲಿಗೆ ಹೋದರೂ ಯಾರೋ ಒಬ್ಬರು "ಏ ಪುಟ್ಟಾ, ಮನೆಗೆ ಹೋಗೋ, ಅಮ್ಮ ಕಾಯ್ತಾರೆ" ಅಂತ ಅಟ್ಟುತ್ತಿದ್ದರು. ಅವನ ಬಳಿ ಇದ್ದ ಕಾಗದ ಅಂದರೆ ಹಳೆಯ ಶಿಬಿರವೊಂದರಲ್ಲಿ ಕೊಟ್ಟ ಅಂಗವಿಕಲರ ಗುರುತಿನ ಪುಸ್ತಕ, ಒಂದು ಆಧಾರ್, ಎರಡನೇ ಕ್ಲಾಸಿಗೆ ಬಿಟ್ಟ ಶಾಲೆಯ ಟಿಸಿ. ಅಷ್ಟೇ.

ಮಳೆಗಾಲದಲ್ಲಿ ಅಮ್ಮ ಹೋದರು. ಅಣ್ಣ ಬೆಂಗಳೂರಲ್ಲಿ ಎರಡು ಕೋಣೆಯ ಫ್ಲಾಟಿನಲ್ಲಿದ್ದಾನೆ. ಹದಿಮೂರರ ಊಟ ಮುಗಿದ ಸಂಜೆಯೇ ಪುಟ್ಟ ನನ್ನ ಮನೆಗೆ ಅಂತ ತೀರ್ಮಾನವಾಯಿತು.

ನಮ್ಮದು ಸವಳಂಗ ರಸ್ತೆಯಲ್ಲಿ ನವುಲೆ ಕಡೆಯ ಒಂದು ಬಡಾವಣೆ. ನಾವು ಮನೆ ಕಟ್ಟಿದಾಗ ಎದುರಿಗೆ ಗದ್ದೆ ಇತ್ತು. ಈಗ ಎರಡು ಪಿಜಿ, ಬಾಡಿಗೆಗೆಂದೇ ಎಬ್ಬಿಸಿದ ಮೂರಂತಸ್ತಿನ ಮನೆಗಳು. ಸುತ್ತ ಕಾಲೇಜುಗಳಿವೆ. 2023ರಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಊರಿನ ಆಚೆ ತುದಿಯಲ್ಲಿರುವ ನಮ್ಮಲ್ಲಿಯೂ ಸೈಟಿನ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಹನ್ನೊಂದು ತಿಂಗಳ ಕರಾರಿಗೆ ಬಂದು ಹೋಗುವ ಸಂಸಾರಗಳೇ ಹೆಚ್ಚು. ಎದುರು ಮನೆಯವರ ಮುಖ ಪರಿಚಯ ಆಗುವ ಹೊತ್ತಿಗೆ ಅವರ ಸಾಮಾನು ಲಾರಿಗೆ ಏರಿರುತ್ತದೆ.

ಮೊದಲು ಬೇಕಾದದ್ದು ಆಧಾರ್ ವಿಳಾಸ ಬದಲಾವಣೆ. ಇದನ್ನು ಬಿಟ್ಟು ಯಾವುದಕ್ಕೂ ಕೈ ಹಾಕಬೇಡಿ, ಮುಂದಿನ ಎಲ್ಲ ಅರ್ಜಿಯೂ ಆಧಾರ್‌ನಲ್ಲಿರುವ ವಿಳಾಸದ ಮೇಲೇ ನಿಲ್ಲುತ್ತದೆ. ತಮ್ಮನ ಹೆಸರಲ್ಲಿ ಶಿವಮೊಗ್ಗದಲ್ಲಿ ಕರೆಂಟ್ ಬಿಲ್ಲಿಲ್ಲ, ಬಾಡಿಗೆ ಕರಾರಿಲ್ಲ. ಇಂಥವರಿಗಾಗಿಯೇ 'ಕುಟುಂಬದ ಮುಖ್ಯಸ್ಥರ' ಆಧಾರದ ಮೇಲೆ ವಿಳಾಸ ಬದಲಿಸುವ ದಾರಿ ಇದೆ. ಸಂಬಂಧ ತೋರಿಸುವ ದಾಖಲೆ ಇದ್ದರೆ ಅದು, ಇಲ್ಲದಿದ್ದರೆ ಮುಖ್ಯಸ್ಥರ ಸ್ವಯಂ ಘೋಷಣೆ. ಆನ್‌ಲೈನಿನಲ್ಲಿ ಹಾಕಿದರೆ ಒಪ್ಪಿಗೆ ಕೋರಿಕೆ ಮುಖ್ಯಸ್ಥರಾದ ನಿಮ್ಮ ಆಧಾರ್ ಲಾಗಿನ್ನಿಗೆ ಬರುತ್ತದೆ, 30 ದಿನದೊಳಗೆ ಒಪ್ಪದಿದ್ದರೆ ಅರ್ಜಿ ತಾನಾಗಿ ಬಿದ್ದುಹೋಗುತ್ತದೆ. ತಮ್ಮನ ಆಧಾರ್‌ಗೆ ಜೋಡಿಸಿದ್ದ ಅಮ್ಮನ ಹಳೆಯ ಮೊಬೈಲ್ ನಂಬರನ್ನೂ ಬದಲಿಸಬೇಕಿತ್ತು. ಅದಕ್ಕೆ ನಾವು ಆಧಾರ್ ಕೇಂದ್ರಕ್ಕೇ ಹೋದೆವು. ಬೆರಳಚ್ಚು ಯಂತ್ರದ ಮೇಲೆ ತಮ್ಮನ ಬೆರಳು ನಿಲ್ಲಲಿಲ್ಲ. ಅಡಿಕೆ ಹೊತ್ತು ಸವೆದ ಬೆರಳು, ಮೇಲಿಂದ ಗಾಬರಿ. ಕೊನೆಗೆ ಕಣ್ಣಿನ ಸ್ಕ್ಯಾನ್‌ನಿಂದ ಆಯಿತು. ಇಂಥವರನ್ನು ಮಧ್ಯಾಹ್ನದ ಗದ್ದಲದಲ್ಲಿ ಕರೆದೊಯ್ಯಬೇಡಿ. ಬಾಗಿಲು ತೆಗೆಯುವ ಹೊತ್ತಿಗೆ ಟೋಕನ್ ಹಿಡಿದಿರಿ.

ಜನ್ಮದಿನಾಂಕದ್ದು ಇನ್ನೊಂದು ಗೋಜಲು. ಆಧಾರ್‌ನಲ್ಲಿ ಜನವರಿ 1, ಟಿಸಿಯಲ್ಲಿ ಜೂನ್ 1. ಎರಡೂ ಯಾರೋ ಅಂದಾಜಿಗೆ ಬರೆದದ್ದೇ. ಅವನು ಹುಟ್ಟಿದ್ದು ನವರಾತ್ರಿ ಆಸುಪಾಸು ಅಂತ ಅಮ್ಮ ಹೇಳುತ್ತಿದ್ದರು. ಆಧಾರ್‌ನಲ್ಲಿ ಹುಟ್ಟಿದ ದಿನ ತಿದ್ದಲು ಸಾಮಾನ್ಯವಾಗಿ ಒಂದೇ ಸಲ ಅವಕಾಶ. ಅದನ್ನು ಮುಟ್ಟದೆ, ಎಲ್ಲ ಕಡೆಯೂ ಆಧಾರ್ ದಿನಾಂಕವನ್ನೇ ಬರೆದು, 'ಎರಡೂ ದಾಖಲೆಯ ವ್ಯಕ್ತಿ ಒಬ್ಬನೇ' ಅಂತ ಅಫಿಡವಿಟ್ ಮಾಡಿಸಿದೆ. ಇ-ಸ್ಟಾಂಪ್, ಟೈಪಿಂಗ್, ನೋಟರಿ ಸೇರಿ 300ರ ಒಳಗೆ ಮುಗಿಯಿತು. ಆ ಕಾಗದ ಆಮೇಲೆ ಎಷ್ಟು ಕಡೆ ಕೆಲಸಕ್ಕೆ ಬಂತೋ!

ಇನ್ನು ಯುಡಿಐಡಿ, ಅಂದರೆ ಅಂಗವಿಕಲರಿಗೆ ಕೊಡುವ, ದೇಶಕ್ಕೆಲ್ಲ ಒಂದೇ ಆದ ಗುರುತಿನ ಕಾರ್ಡ್. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ, ಶುಲ್ಕ ಇಲ್ಲ. ಸೈಬರ್‌ನವರು ತಮ್ಮ ಕೆಲಸಕ್ಕೆ 100 ತಗೊಂಡರು. ಫೋಟೋಕ್ಕೆಂದು ಸ್ಟುಡಿಯೋಕ್ಕೆ ಕರೆದುಕೊಂಡು ಹೋದರೆ ಫ್ಲಾಶ್ ಕಂಡು ಎದ್ದು ಹೊರಗೆ ನಡೆದ. ಮನೆಯಲ್ಲೇ ಬಿಳಿ ಗೋಡೆ ಮುಂದೆ ಕೂರಿಸಿ ಮಗಳು ಮೊಬೈಲಿನಲ್ಲಿ ತೆಗೆದದ್ದೇ ನಡೆಯಿತು. ಟೋಪಿ ತೆಗೆಸುವುದಕ್ಕೆ ಮಾತ್ರ ಅರ್ಧ ಗಂಟೆ ಬೇಕಾಯಿತು. ಸಹಿ ಮಾಡಲು ಬಾರದವರಿಗೆ ಹೆಬ್ಬೆರಳಿನ ಗುರುತು ಸ್ಕ್ಯಾನ್ ಮಾಡಿ ಹಾಕಬಹುದು. ಹಳೆಯ ಪುಸ್ತಕ ಇದ್ದವರು ಅದನ್ನೂ ಅಪ್‌ಲೋಡ್ ಮಾಡಬೇಕು. ನಮ್ಮದರಲ್ಲಿ ಶೇಕಡಾ ಬರೆದ ಜಾಗದ ಶಾಯಿಯೇ ಮಾಸಿಹೋಗಿತ್ತು, ಫೋಟೋದಲ್ಲಿ ಹನ್ನೆರಡರ ಹುಡುಗ. ಹಾಗಾಗಿ ಮತ್ತೆ ತಪಾಸಣೆಗೆ ಆಸ್ಪತ್ರೆಗೆ ಬನ್ನಿ ಅಂದರು.

ಬುದ್ಧಿ ಬೆಳವಣಿಗೆ ವಿಷಯದಲ್ಲಿ ಡಾಕ್ಟರ ಕೋಣೆಗಿಂತ ಮನಶ್ಶಾಸ್ತ್ರಜ್ಞರ ಕೋಣೆಯೇ ಮುಖ್ಯ. ಐಕ್ಯೂ ಜೊತೆಗೆ ದಿನನಿತ್ಯದ ಕೆಲಸಗಳ ಬಗ್ಗೆ ಮನೆಯವರನ್ನು ಕೇಳಿ ಅಂಕ ಹಾಕುವ ಇನ್ನೊಂದು ಪರೀಕ್ಷೆ ಇದೆ. ಶೇಕಡಾ ಎಷ್ಟು ಅಂತ ನಿರ್ಧಾರವಾಗುವುದರಲ್ಲಿ ನಮ್ಮ ಉತ್ತರಗಳ ಪಾಲು ದೊಡ್ಡದು. ನಮಗಿಂತ ಮುಂಚೆ ಒಬ್ಬ ತಾಯಿ ಮಗನನ್ನು ಕರೆತಂದಿದ್ದರು. ಬಾಗಿಲು ತೆರೆದೇ ಇತ್ತು. "ಸ್ನಾನ ತಾನೇ ಮಾಡ್ತಾನಾ?" "ಮಾಡ್ತಾನೆ ಮೇಡಂ." "ಶರ್ಟ್ ಗುಂಡಿ?" "ಹಾಕ್ಕೋತಾನೆ ಮೇಡಂ." ಮೇಡಂ ಪೆನ್ ಕೆಳಗಿಟ್ಟು ಕೇಳಿದರು: "ನೀವು ಹೇಳ್ದೆ, ನೀವು ಪಕ್ಕದಲ್ಲಿ ಇಲ್ದೆ ಮಾಡ್ತಾನಾ ಅಮ್ಮಾ?" ಆ ತಾಯಿ ಸೆರಗು ಬಾಯಿಗಿಟ್ಟುಕೊಂಡರು. ಹತ್ತು ಜನರ ಮುಂದೆ ಮಗನ ಮಾನ ಕಾಪಾಡಬೇಕು ಅನ್ನಿಸುವುದು ಸಹಜ. ಆದರೆ ಆ ಕೋಣೆಯಲ್ಲಿ ಕೆಟ್ಟ ದಿನ ಹೇಗಿರುತ್ತದೋ ಹಾಗೇ ಹೇಳಿ. ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ಒಳ್ಳೆಯದು: ರಸ್ತೆ ದಾಟುತ್ತಾನಾ, ಚಿಲ್ಲರೆ ಎಣಿಸುತ್ತಾನಾ, ಜ್ವರ ಬಂದರೆ ಹೇಳುತ್ತಾನಾ.

"ಇದು ಯಾವ ಊರು?" ಅಂತ ತಮ್ಮನನ್ನು ಕೇಳಿದರು. "ಬಸ್ ಬಂದಿಲ್ಲ" ಅಂದ. ಆಮೇಲೆ ಒಂದಕ್ಕೂ ಉತ್ತರ ಕೊಡಲಿಲ್ಲ.

ಅವನಿಗೆ ಶೇಕಡಾ 75 ಬಂತು. ಕಾರ್ಡಿನ ಬಣ್ಣ ಇದರ ಮೇಲೇ ಹೋಗುತ್ತದೆ. 40ಕ್ಕಿಂತ ಕಡಿಮೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ ನೀಲಿ. ಸೌಲಭ್ಯಗಳು ಬಹುತೇಕ 40ರಿಂದ ಶುರು, ಪಿಂಚಣಿ ಮೊತ್ತವೂ ಶೇಕಡಾವಾರು ನೋಡಿ ಬದಲಾಗುತ್ತದೆ. ಕಾರ್ಡ್ ಅಂಚೆಯಲ್ಲಿ ಬರುವ ತನಕ ಕಾಯಬೇಕಿಲ್ಲ, ಪೋರ್ಟಲ್‌ನಿಂದ ಇಳಿಸಿಕೊಂಡ ಪ್ರತಿಯಲ್ಲೇ ಮುಂದಿನ ಕೆಲಸ ಶುರು ಮಾಡಬಹುದು. ಪಿಂಚಣಿಗೆ ನಾಡಕಚೇರಿ. ಅಲ್ಲಿಯದು ಬೇಗ ಆಯಿತು, ದುಡ್ಡು ಮಾತ್ರ ಬರಲಿಲ್ಲ. ಬ್ಯಾಂಕ್ ಖಾತೆಗೆ ಆಧಾರ್ ಲಿಂಕ್ ಆಗಿರುವುದು ಬೇರೆ, ಸರ್ಕಾರದ ಹಣ ಬೀಳಲು ಎನ್‌ಪಿಸಿಐ ಮ್ಯಾಪಿಂಗ್ (ಈ ಆಧಾರ್‌ನ ಹಣ ಯಾವ ಖಾತೆಗೆ ಹೋಗಬೇಕು ಅಂತ ಗುರುತು ಮಾಡುವುದು) ಆಗಿರುವುದು ಬೇರೆ. ಬ್ಯಾಂಕಿನಲ್ಲಿ 'ಎನ್‌ಪಿಸಿಐ ಸೀಡಿಂಗ್' ಅಂತಲೇ ಕೇಳಿ ಫಾರಂ ಕೊಡಿ.

ಇವೆಲ್ಲ ಕಚೇರಿಯ ಕಥೆ. ಆ ಹೊತ್ತಿಗೆ ಮನೆಯ ರಸ್ತೆಯಲ್ಲಿ ಬೇರೆಯದೇ ಶುರುವಾಗಿತ್ತು.

ಬೆಳಿಗ್ಗೆ ಎದ್ದ ಕೂಡಲೇ ತಮ್ಮ ಹೊರಗೆ ಹೋಗಿ ಯಾರದ್ದಾದರೂ ಗೇಟಿನ ಮುಂದೆ ನಿಲ್ಲುತ್ತಿದ್ದ. ಬಸ್ಸಿಗೆ ಕಾಯುವುದು, ಪೇಪರ್ ಕಟ್ಟಿಗೆ. ನಮ್ಮ ರಸ್ತೆಗೆ ಬಸ್ ಬರುವುದಿಲ್ಲ ಅಂತ ಹೇಳಿದರೆ ತಲೆಯಾಡಿಸಿ, ಮರುದಿನ ಇನ್ನೊಂದು ಗೇಟು. ಒಂದು ಸಂಜೆ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಹಿಂದಿನಿಂದ ತೆಗೆದ ಅವನ ಫೋಟೋ ಬಂತು. "ಯಾರು ಇದು? ದಿನಾ ಗೇಟ್ ಹತ್ರ ನಿಂತು ಒಳಗೆ ನೋಡ್ತಾ ಇರ್ತಾನೆ. ಮಕ್ಕಳಿರೋರು ಹುಷಾರು." ಕೆಳಗೆ ಕೈ ಮುಗಿಯುವ, ಸಿಟ್ಟಿನ ಮುಖದ ಗುರುತುಗಳ ಸಾಲು. ನಾನು ಉತ್ತರ ಟೈಪ್ ಮಾಡುವಷ್ಟರಲ್ಲಿ ಯಾರೋ 112ಕ್ಕೆ ಫೋನ್ ಮಾಡಿಯಾಗಿತ್ತು.

ಬಂದ ಇಬ್ಬರು ಪೊಲೀಸರು ಅವನನ್ನು ಹೆದರಿಸಲಿಲ್ಲ, ಇದನ್ನು ಹೇಳಲೇಬೇಕು. ಒಬ್ಬರು ಹೊಸನಗರದ ಕಡೆಯವರು. "ಯಾವ ಊರ್ನೋ ನಿಂದು, ಟೋಪಿ ಚಲೋ ಐತಲ್ಲ" ಅಂತ ಮಾತಾಡಿಸುತ್ತ ಮನೆ ತನಕ ನಡೆಸಿಕೊಂಡು ಬಂದರು. ಕಾರ್ಡಿನ ಪ್ರತಿ, ಫೋಟೋ, ನನ್ನ ನಂಬರು ಠಾಣೆಯಲ್ಲಿ ಕೊಟ್ಟಿಡಿ ಅಂದದ್ದು ಅವರೇ. ಮರುದಿನವೇ ಕೊಟ್ಟೆ. ನೀವೂ ಕೊಡಿ. ಜೊತೆಗೆ ಕಾರ್ಡಿನ ಲ್ಯಾಮಿನೇಟ್ ಮಾಡಿದ ಪ್ರತಿಯ ಹಿಂದೆ ಫೋನ್ ನಂಬರ್ ಬರೆದು, ಅಂಗಿ ಒಳಗೆ ಹೊಲಿದ ಜೇಬಿನಲ್ಲಿ ಇಡಿ. ಕೊರಳಿಗೆ ನೇತುಹಾಕಿದರೆ ನಮ್ಮವನು ಕಿತ್ತೆಸೆಯುತ್ತಾನೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಸಿಟ್ಟು ಫೋಟೋ ಹಾಕಿದವರ ಮೇಲಷ್ಟೇ ಅಲ್ಲ, ಹತ್ತು ವರ್ಷ ಇದ್ದೂ ಒಂದು ಮನೆಯವರಿಗೂ ನನಗೊಬ್ಬ ಇಂಥ ತಮ್ಮ ಇದ್ದಾನೆ ಅಂತ ಗೊತ್ತಿರದ ಈ ಜಾಗದ ಮೇಲೂ. ಭಾನುವಾರ ಸಂಜೆ ಊರಿಂದ ಬಂದಿದ್ದ ಬಾಳೆಗೊನೆ ಬಿಡಿಸಿ, ಚಿಪ್ಪುಗಳನ್ನು ಬುಟ್ಟಿಗೆ ಹಾಕಿ ತಮ್ಮನ ಕೈಗೇ ಕೊಟ್ಟೆ. ಮನೆ ಮನೆಗೂ ಹೋದೆವು. "ಇವನು ನನ್ನ ತಮ್ಮ, ಪುಟ್ಟ ಅಂತ ಕರೆದರೆ ತಿರುಗ್ತಾನೆ, ಗೇಟ್ ಹತ್ರ ನಿಂತಿದ್ರೆ 'ಬಸ್ ಹೋಯ್ತು' ಅನ್ನಿ, ಮನೆಗೆ ಬರ್ತಾನೆ." ಇಷ್ಟೇ ಮಾತು. ಭದ್ರಾವತಿಯ ಕಾರ್ಖಾನೆಯಿಂದ ನಿವೃತ್ತರಾಗಿ ಬಂದ ಅಜ್ಜ-ಅಜ್ಜಿ ಒಳಗೆ ಕರೆದು ಕೂರಿಸಿದರು. ಅವರ ಅಕ್ಕನ ಮಗಳೂ ಹೀಗೇ ಅಂತೆ, ಯಾರಿಗೂ ಹೇಳಿಕೊಂಡಿರಲಿಲ್ಲ. ಪಿಜಿಯ ನರ್ಸಿಂಗ್ ಹುಡುಗಿಯರಿಗೆ ಕನ್ನಡ ಅರ್ಧಂಬರ್ಧ, ಆದರೆ ವಿಷಯ ಎಲ್ಲರಿಗಿಂತ ಬೇಗ ಅರ್ಥವಾಯಿತು. ಎರಡು ಮನೆಯವರು ಬಾಗಿಲ ಸರಪಳಿ ತೆಗೆಯದೆ ಹಣ್ಣು ತಗೊಂಡರು. ಫೋಟೋ ಹಾಕಿದವರು "ತಪ್ಪು ತಿಳೀಬೇಡಿ ಮೇಡಂ, ಹೆಣ್ಣು ಮಕ್ಕಳಿದ್ದಾರೆ" ಅಂದರು. ಇವತ್ತಿಗೂ ತಮ್ಮ ಆ ಕಡೆ ಬಂದರೆ ಮಕ್ಕಳನ್ನು ಒಳಗೆ ಕರೆಯುತ್ತಾರೆ. ನಾನೂ ಮತ್ತೆ ಹೋಗಿಲ್ಲ.

ಪಾರ್ಕಿನದ್ದು ಬೇರೆ ರಗಳೆ. ಊರ ಮನೆಯ ಜಗಲಿಯಲ್ಲಿ ಉಯ್ಯಾಲೆ ಇತ್ತು, ಅದರ ಮೇಲೆ ಕೂತರೆ ತಮ್ಮ ಗಂಟೆಗಟ್ಟಲೆ ಸಮಾಧಾನ. ಇಲ್ಲಿಯ ಪಾರ್ಕಿನಲ್ಲಿ 'ಆಟದ ಸಾಮಗ್ರಿ 12 ವರ್ಷದೊಳಗಿನ ಮಕ್ಕಳಿಗೆ ಮಾತ್ರ' ಅಂತ ಬೋರ್ಡು. ನಿಯಮ ತಪ್ಪೇನಲ್ಲ, ಆ ಸರಪಳಿ ದೊಡ್ಡವರ ತೂಕಕ್ಕೆ ಮಾಡಿದ್ದಲ್ಲ. ಸಂಘದವರ ಹತ್ತಿರ ದೊಡ್ಡವರಿಗೂ ಆಗುವ ಒಂದು ಉಯ್ಯಾಲೆ ಹಾಕಿಸಿ ಅಂತ ಕೇಳಿದೆ, ಮೊಣಕಾಲು ನೋವಿನ ಅಜ್ಜಿಯರೂ ಕೂರುತ್ತಾರೆ ಅಂದೆ. "ಸಭೆಯಲ್ಲಿ ಇಡ್ತೀವಿ" ಅಂದವರು ಇಟ್ಟ ಹಾಗೆ ಕಾಣಲಿಲ್ಲ. ನಮ್ಮ ಮನೆ ಸಿಟೌಟಿನ ತೊಲೆಗೇ ಕೊಂಡಿ ಹಾಕಿಸಿದೆವು. ಹಲಗೆ ಊರಿನದ್ದೇ, ಸರಪಳಿ ಗಾಂಧಿ ಬಜಾರಿನಿಂದ.

ಗೇಟಿನ ಮುಂದೆ ನಿಲ್ಲುವುದು ತಪ್ಪಿದ್ದು ನಂದಿನಿ ಬೂತಿನಿಂದ. ಬೆಳಗಿನ ಜಾವ ಹಾಲಿನ ವ್ಯಾನ್ ಬಂದ ಸದ್ದಿಗೆ ತಮ್ಮ ತಾನೇ ಹೋಗಿ ಕ್ರೇಟು ಇಳಿಸಲು ಕೈ ಹಾಕಿದ್ದಾನೆ. ಬೂತಿನವರು ಬೈಯಲಿಲ್ಲ. ಈಗ ದಿನಾ ಖಾಲಿ ಕ್ರೇಟುಗಳನ್ನು ಒಂದರ ಮೇಲೊಂದು ಜೋಡಿಸುವುದು ಅವನದೇ ಕೆಲಸ, ಯಾರಾದರೂ ಓರೆ ಇಟ್ಟರೆ ತಿರುಗಿ ಸರಿ ಮಾಡುತ್ತಾನೆ. ಮೊದಮೊದಲು ಒಂದು ಬಾದಾಮಿ ಹಾಲು ಕೊಡುತ್ತಿದ್ದರು. ನನಗೆ ಅದು ಸರಿ ಕಾಣಲಿಲ್ಲ. ಬೇರೆ ಹುಡುಗ ಬಂದಿದ್ದರೆ ಸಂಬಳ ಕೊಡಬೇಕಿತ್ತಲ್ಲ? ಸಂಕೋಚ ಬಿಟ್ಟು ಕೇಳಿದೆ. ಅವರ ಮುಖ ಸ್ವಲ್ಪ ಗಂಟಾಯಿತು, ಆದರೂ ಒಪ್ಪಿದರು. ತಿಂಗಳಿಗೆ ಇಷ್ಟು ಅಂತ ಅವನ ಕೈಗೇ ಕೊಡುತ್ತಾರೆ, ಬಾದಾಮಿ ಹಾಲೂ ನಿಂತಿಲ್ಲ.

ಇನ್ನು ಗಾರ್ಡಿಯನ್‌ಶಿಪ್. ಇದರ ಅಗತ್ಯ ಗೊತ್ತಾದದ್ದು ಬ್ಯಾಂಕಿನಲ್ಲಿ. ಅಮ್ಮ ತಮ್ಮನ ಹೆಸರಲ್ಲಿ ಇಟ್ಟಿದ್ದ ಠೇವಣಿ ಅವಧಿ ಮುಗಿದಿತ್ತು. ತೆಗೆಯಲು ಹೋದರೆ ಅವನ ಸಹಿ ಬೇಕು, ಇಲ್ಲ ಕೋರ್ಟ್ ಆರ್ಡರ್ ತನ್ನಿ ಅಂದರು. 18 ತುಂಬಿದ ಮೇಲೆ ಹೆತ್ತವರೂ ತಾವಾಗಿಯೇ ಕಾನೂನುಬದ್ಧ ಪೋಷಕರಾಗಿ ಉಳಿಯುವುದಿಲ್ಲ, ಅಕ್ಕ ಅಂತೂ ಅಲ್ಲವೇ ಅಲ್ಲ. ಅಪ್ಪ-ಅಮ್ಮ ಇರುವಾಗಲೇ ಇದನ್ನು ಮಾಡಿಸಿಟ್ಟರೆ ಆಮೇಲೆ ಅರ್ಧ ತಾಪತ್ರಯ ಇರುವುದಿಲ್ಲ.

ಕೋರ್ಟಿಗೆ ಹೋಗಬೇಕಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಜಿಲ್ಲಾ ಮಟ್ಟದಲ್ಲಿ ಸ್ಥಳೀಯ ಸಮಿತಿ ಇರುತ್ತದೆ, ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಜೊತೆಗೆ ಟ್ರಸ್ಟಿನಲ್ಲಿ ನೋಂದಾಯಿತ ಸಂಸ್ಥೆಯ ಒಬ್ಬರು, ಅಂಗವಿಕಲರಲ್ಲಿ ಒಬ್ಬರು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ, ಈ ನಾಲ್ಕಕ್ಕೆ ಮಾತ್ರ ಅನ್ವಯ. ಮಾನಸಿಕ ಕಾಯಿಲೆಗೆ ಈ ದಾರಿ ಇಲ್ಲ. ಫಾರಂ 'ಎ' ತುಂಬಿಸಿ ಕೊಡಬೇಕು. ನಾನು ಕೊಟ್ಟದ್ದು ಯುಡಿಐಡಿ, ಇಬ್ಬರ ಆಧಾರ್, ಟಿಸಿ ಮತ್ತು ಆ ಅಫಿಡವಿಟ್, ಅಪ್ಪ-ಅಮ್ಮನ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಅಣ್ಣನ ಒಪ್ಪಿಗೆ ಪತ್ರ. ಕೊನೆಯದೇ ಕಷ್ಟವಾದದ್ದು. ತೋಟದಲ್ಲಿ ತಮ್ಮನಿಗೂ ಪಾಲಿದೆ. ಗಾರ್ಡಿಯನ್ ಆದರೆ ಪಾಲು ನನ್ನ ಹೆಸರಿಗೆ ಬರುತ್ತದೆ ಅಂತ ಅತ್ತಿಗೆಗೆ ಯಾರೋ ಹೇಳಿದ್ದರು. ಬರುವುದಿಲ್ಲ. ಆಸ್ತಿ ಅವನದೇ, ನಾನು ಲೆಕ್ಕ ಕೊಡಬೇಕಾದವಳು: ನೇಮಕವಾದ ಆರು ತಿಂಗಳೊಳಗೆ ಆಸ್ತಿಪಟ್ಟಿ, ಆಮೇಲೆ ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಜಮಾಖರ್ಚು. ಈ ಸೆಕ್ಷನ್ನನ್ನು ಪ್ರಿಂಟ್ ತೆಗೆದು ಅಣ್ಣನಿಗೆ ಕಳಿಸಿದ ಮೇಲೆ ಸಹಿ ಬಂತು. ನಡುವೆ ಒಂದಷ್ಟು ವಾರ ನಾವು ಫೋನಿನಲ್ಲಿ ಮಾತಾಡಲಿಲ್ಲ.

ಸಮಿತಿ ಕಡೆಯವರು ಮನೆಗೆ ಬಂದು ನೋಡಿ ಹೋದರು. ತಮ್ಮ ಮಲಗುವ ಜಾಗ, ಬಚ್ಚಲು, ಔಷಧಿ. ನನಗಿಂತ ಹೆಚ್ಚು ಅಕ್ಕಪಕ್ಕದವರನ್ನು ವಿಚಾರಿಸಿದರು. ಭದ್ರಾವತಿ ಅಜ್ಜಿ ಕಾಂಪೌಂಡಿನಾಚೆಯಿಂದಲೇ "ಪುಟ್ಟ ತಾನೆ? ಬೆಳಿಗ್ಗೆ ಬೂತಲ್ಲಿ ಇರ್ತಾನೆ, ಈಗ ಉಯ್ಯಾಲೆ ಮೇಲೆ ಇರ್ತಾನೆ ನೋಡಿ" ಅಂದರು. ಬಾಳೆಹಣ್ಣು ಹಂಚಿದ ದಿನ ಇದು ಉಪಯೋಗಕ್ಕೆ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಆಮೇಲೆ ಸಮಿತಿ ಸಭೆಗೆ ಕಾಯುವುದು. ಸಭೆ ಅಧ್ಯಕ್ಷರ ಅನುಕೂಲ ನೋಡಿ ನಡೆಯುತ್ತದೆ, ಚುನಾವಣೆ, ಮಳೆಹಾನಿ ಅಂತ ಬಂದರೆ ಮುಂದಕ್ಕೆ. ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ನಂಬರ್ ಬರೆಸಿಕೊಳ್ಳಿ, ತಿಂಗಳಿಗೊಮ್ಮೆ ವಿಚಾರಿಸಿ. ನಮ್ಮ ವಾರ್ಡಿನ ನಗರ ಪುನರ್ವಸತಿ ಕಾರ್ಯಕರ್ತರು ಇಲ್ಲದಿದ್ದರೆ ನನಗೆ ಸಭೆಯ ದಿನವೇ ತಿಳಿಯುತ್ತಿರಲಿಲ್ಲ. ಹಳ್ಳಿಯಲ್ಲಿ ಪಂಚಾಯಿತಿಗೊಬ್ಬರು ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಇರುವ ಹಾಗೆ ಇಲ್ಲಿ ಯುಆರ್‌ಡಬ್ಲ್ಯು ಅಂತ ಇರುತ್ತಾರೆ. ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ನಿಮ್ಮ ವಾರ್ಡಿನವರು ಯಾರು ಅಂತ ಕೇಳಿ.

ಪ್ರಮಾಣಪತ್ರ ಹಿಡಿದು ಬ್ಯಾಂಕಿಗೆ ಹೋದರೆ ಮತ್ತೆ ಅದೇ ರಾಗ, ಕೋರ್ಟಿನದೇ ಬೇಕು. ಸ್ಥಳೀಯ ಸಮಿತಿ ಕೊಟ್ಟ ಗಾರ್ಡಿಯನ್‌ಶಿಪ್ ಪ್ರಮಾಣಪತ್ರವನ್ನು ಒಪ್ಪಬಹುದು ಅಂತ ರಿಸರ್ವ್ ಬ್ಯಾಂಕೇ ಬ್ಯಾಂಕುಗಳಿಗೆ ಹೇಳಿದೆ. ಆ ಸುತ್ತೋಲೆಯನ್ನು ಪ್ರಿಂಟ್ ಮಾಡಿಕೊಂಡೇ ಹೋಗಿದ್ದೆ. ಮ್ಯಾನೇಜರ್ ಓದಿದರು, ಮೇಲಿನವರಿಗೆ ಫೋನ್ ಮಾಡಿದರು, "ನಾಳೆ ಬನ್ನಿ" ಅಂದರು. "ಇಲ್ಲೇ ಕೂರ್ತೀನಿ ಸರ್" ಅಂದೆ. ತಮ್ಮ ಅಷ್ಟರಲ್ಲಿ ಚಲನ್ ಪುಸ್ತಕಗಳನ್ನೆಲ್ಲ ಅಂಚು ಸಮ ಮಾಡಿ ಅಟ್ಟಿ ಕಟ್ಟಿದ್ದ. ಮಧ್ಯಾಹ್ನ ಊಟದ ಹೊತ್ತಿಗೆ ಕೆಲಸ ಆಯಿತು.

ಕಾರ್ಡ್ ಇದ್ದ ಮೇಲೆ ಸಿಗುವ ಎರಡು ಸಣ್ಣ ವಿಷಯ. ಕೆಎಸ್‌ಆರ್‌ಟಿಸಿಯ ಅಂಗವಿಕಲರ ರಿಯಾಯಿತಿ ಪಾಸ್, ಸೇವಾ ಸಿಂಧುವಿನಲ್ಲಿ ಅರ್ಜಿ, ನಾನು ಕಟ್ಟಿದ್ದು 660 ರೂಪಾಯಿ, ಮನೆಯಿಂದ 100 ಕಿಲೋಮೀಟರ್ ತನಕ ವರ್ಷಪೂರ್ತಿ. ತೀರ್ಥಹಳ್ಳಿ, ಕೋಣಂದೂರು ಎರಡೂ ಅದರೊಳಗೇ ಬರುತ್ತವೆ, ತಿಂಗಳಿಗೊಮ್ಮೆ ಊರಿಗೆ ಹೋಗಿ ಬರುತ್ತೇವೆ. ಖಾಸಗಿ ಬಸ್ಸುಗಳಲ್ಲಿ ಇದು ನಡೆಯುವುದಿಲ್ಲ ಅನ್ನುವುದೇ ನಮ್ಮ ಮಲೆನಾಡಿನಲ್ಲಿ ದೊಡ್ಡ ತೊಡಕು. ಇನ್ನೊಂದು ನಿರಾಮಯ ಆರೋಗ್ಯ ವಿಮೆ, ವರ್ಷಕ್ಕೆ 1 ಲಕ್ಷದವರೆಗೆ. ಮೇಲೆ ಹೇಳಿದ ನಾಲ್ಕು ಬಗೆಯವರಿಗೇ, ವಯಸ್ಸಿನ ಮಿತಿ ಇಲ್ಲ, ಮೊದಲೇ ವೈದ್ಯಕೀಯ ಪರೀಕ್ಷೆ ಕೇಳುವುದಿಲ್ಲ. ಹೊರರೋಗಿ ಚಿಕಿತ್ಸೆಗೂ ಸ್ವಲ್ಪ ಸಿಗುತ್ತದೆ. ಸೇರುವಾಗ ಬಿಪಿಎಲ್‌ನವರಿಗೆ 250, ಎಪಿಎಲ್‌ನವರಿಗೆ 500. ದುಡ್ಡು ಮೊದಲು ನಾವೇ ಆಸ್ಪತ್ರೆಗೆ ಕಟ್ಟಿ ಆಮೇಲೆ ಬಿಲ್ಲು ಕಳಿಸಿ ಪಡೆಯಬೇಕು, ಹಾಗಾಗಿ ಔಷಧಿ ಅಂಗಡಿಯ ಚೀಟಿಯನ್ನೂ ಎಸೆಯಬೇಡಿ.

ನಿರಾಮಯದ ವರ್ಷ ಏಪ್ರಿಲ್‌ನಿಂದ ಮಾರ್ಚ್‌ಗೆ. ನವೀಕರಣಕ್ಕೆ ಮೊಬೈಲಿನಲ್ಲಿ ಅಲಾರಾಂ ಇಟ್ಟಿದ್ದೇನೆ. ಸದ್ಯಕ್ಕೆ ನನ್ನ ಮುಂದಿರುವುದು ಫಾರಂ 'ಸಿ', ಆಸ್ತಿಪಟ್ಟಿ. ತೋಟದ ಪಾಲಿನ ಪಹಣಿ ತೆಗೆಸಿದ್ದೇನೆ, ಠೇವಣಿ ರಸೀದಿ ಇದೆ. ಬೂತಿನ ಸಂಬಳವನ್ನೂ ಬರೆಯಬೇಕಾ ಅಂತ ಕಚೇರಿಯಲ್ಲಿ ಕೇಳಿದೆ. ಅದು ವರ್ಷದ ಜಮಾಖರ್ಚಿನಲ್ಲಿ ಬರಲಿ ಅಂದರು.